ಗೆದ್ದು ತಂದ ಆಯುಧಗಳು

ಯುದ್ಧದಲ್ಲಿ ಜಯವನ್ನು ಪಡೆದವರು ಶತ್ರುವಿನಿಂದ ಕಿತ್ತುಕೊಂಡ ಆಯುಧಗಳನ್ನೂ ವಾಹನಗಳನ್ನೂ ತಂದು ತಮ್ಮ ಜನರ ಮುಂದೆ ನಿಲ್ಲಿಸಿ ತೋರಿಸುವ ಪದ್ಧತಿಯು ಬಹು ಪ್ರಾಚೀನವಾದುದು. ಗ್ರೀಕರು ಶತ್ರುವು ಬೆನ್ನುಕೊಟ್ಟ ಸ್ಥಳದಲ್ಲಿಯೇ ಮರದ ಕಂಬವೊಂದನ್ನು ನೆಟ್ಟು, ಸೋತವರ ಕವಚ, ಶಿರಸ್ತ್ರಾಣ, ಗುರಾಣಿಗಳನ್ನು ಅದಕ್ಕೆ ತೂಗುಹಾಕುತ್ತಿದ್ದರು. ರೋಮನರು ಕ್ರಿ. ಪೂ. 338ರಲ್ಲಿ ಆಂಟಿಯಮ್ ಪಟ್ಟಣದವರ ಹಡಗುಗಳನ್ನು ಗೆದ್ದು, ಅವುಗಳ ಮೂತಿಗೆ ಬಡಿದಿದ್ದ ಲೋಹದ ಕೊಕ್ಕುಗಳನ್ನು ತಂದು ನಗರಮಧ್ಯದ ಭಾಷಣವೇದಿಕೆಗೆ ಜೋಡಿಸಿದರು. ನಮ್ಮ ದೇಶದಲ್ಲಿ ಜಯಸ್ತಂಭಗಳನ್ನು ನೆಡುವ ರೂಢಿಯಿದ್ದುದು ಕಾಳಿದಾಸನ ರಘುವಿನ ದಿಗ್ವಿಜಯವನ್ನು ಓದಿದವರಿಗೆಲ್ಲ ತಿಳಿದ ಸಂಗತಿಯೇ ಆಗಿದೆ.

ಧರ್ಮಶಾಸ್ತ್ರಕಾರರೂ ಈ ವಿಷಯವನ್ನು ಬಿಟ್ಟಿಲ್ಲ. ರಥ, ಕುದುರೆ, ಆನೆ, ಛತ್ರ ಮುಂತಾದುವು ಗೆದ್ದವನಿಗೇ ಸೇರತಕ್ಕವೆಂದೂ, ಅವುಗಳಲ್ಲಿ ಶ್ರೇಷ್ಠವಾದುದನ್ನು ರಾಜನಿಗೆ ಒಪ್ಪಿಸತಕ್ಕದ್ದೆಂದೂ ಮನುಸ್ಮೃತಿಯ ಏಳನೆಯ ಅಧ್ಯಾಯವು ವಿಧಿಸುವುದು. ಆದರೆ ಅದೇ ಅಧ್ಯಾಯವು ಅಷ್ಟಕ್ಕೇ ನಿಲ್ಲದೆ, ಗೆದ್ದ ರಾಜನು ಸೋತ ದೇಶದ ದೇವತೆಗಳನ್ನು ಪೂಜಿಸಿ, ಅಲ್ಲಿಯ ಜನರಿಗೆ ಅಭಯವನ್ನು ಸಾರಿ, ಅವರ ಆಚಾರಗಳನ್ನೇ ಪ್ರಮಾಣವಾಗಿ ಉಳಿಸತಕ್ಕದ್ದೆಂದೂ ಹೇಳುವುದು. ಗೆದ್ದ ವಸ್ತುವಿನ ಮೇಲೆ ಹಕ್ಕು ಎಷ್ಟಿರುವುದೋ ಸೋತವನ ವಿಷಯದಲ್ಲಿ ಕರ್ತವ್ಯವೂ ಅಷ್ಟೇ ಇರುವುದೆಂಬುದು ಇದರ ತಾತ್ಪರ್ಯ. ಮೊದಲನೆಯದನ್ನು ಲೋಕವು ಎಂದೂ ಮರೆತಿಲ್ಲ. ಎರಡನೆಯದನ್ನು ಪದೇ ಪದೇ ಮರೆಯುತ್ತ ಬಂದಿದೆ. ಗೆದ್ದು ತಂದ ಆಯುಧಗಳ ಮುಂದೆ ನಾವು ಯಾವ ಮನಸ್ಸಿನಿಂದ ನಿಲ್ಲಬೇಕೆಂಬುದೇ ಈ ಲೇಖನದ ವಿಚಾರ.

೧

ಮಹಾರಾಷ್ಟ್ರದ ಅಹಮದ್‌ನಗರಕ್ಕೆ 2024ರಲ್ಲಿ ಅಹಿಲ್ಯಾನಗರವೆಂದು ಹೆಸರನ್ನಿಟ್ಟರು. ಅಲ್ಲಿ ನಮ್ಮ ಸೈನ್ಯದ ಕವಚದಳದ ಶಿಕ್ಷಣಕೇಂದ್ರವಿರುವುದು. ಅದಕ್ಕೆ ಸೇರಿದಂತೆ 1994ರಲ್ಲಿ ಸ್ಥಾಪಿತವಾದ ಟ್ಯಾಂಕುಗಳ ಸಂಗ್ರಹಾಲಯವೊಂದು ಸಾರ್ವಜನಿಕರಿಗೆ ತೆರೆದಿರುವುದು. ಬಂಧುಗಳ ಮನೆಗೆ ಹೋಗಿದ್ದಾಗ ನಾವು ಅದನ್ನು ನೋಡುವ ಅವಕಾಶವೊದಗಿತು. ನಮ್ಮ ಪಡೆಗಳೇ ಬಳಸಿದ ಹಳೆಯ ಯಂತ್ರಗಳು, ಎರಡನೆಯ ಮಹಾಯುದ್ಧದಲ್ಲಿ ಜಪಾನೀಯರೂ ಜರ್ಮನರೂ ಬಳಸಿದವು, ಪಾಕಿಸ್ತಾನದವರಿಂದ ಹಿಡಿದು ತಂದವು ಎಲ್ಲವೂ ಒಂದೇ ಆವರಣದಲ್ಲಿ ನಿಂತಿರುವುವು. ಒಂದು ಕಾಲದಲ್ಲಿ ಪರಸ್ಪರ ಸುಡಲು ಹವಣಿಸಿದ ಯಂತ್ರಗಳು ಈಗ ಪಕ್ಕಪಕ್ಕದಲ್ಲಿ ಬಿಸಿಲು ಕಾಯಿಸುತ್ತಿವೆ. ಬಂದ ಸಂಸಾರಗಳು ಅವುಗಳ ಮುಂದೆ ನಿಂತು ಛಾಯಾಚಿತ್ರಗಳನ್ನು ತೆಗೆದುಕೊಂಡು, ಮಕ್ಕಳಿಗೆ "ಇದು ನಮ್ಮದು, ಇದು ಅವರದು" ಎಂದು ಹೇಳಿ ಮುಂದೆ ಸಾಗುವರು.

ಈ ಊರಿಗೂ ನಮ್ಮ ಕರ್ಣಾಟಕಕ್ಕೂ ಇದೇ ಬಗೆಯ ಹಳೆಯ ಸಂಬಂಧವೊಂದುಂಟು. ವಿಜಯಪುರದ ಷೇರ್ಜಾ ಬುರುಜಿನ ಮೇಲಿರುವ ಮಲಿಕ್-ಎ-ಮೈದಾನ್ ಎಂಬ ಮಹಾ ಫಿರಂಗಿಯನ್ನು ನಮ್ಮ ವಾಚಕರಲ್ಲಿ ಅನೇಕರು ನೋಡಿರಬಹುದು. ಬಾಯಿಯ ಬಳಿ ಸಿಂಹವು ಆನೆಯನ್ನು ನುಂಗುತ್ತಿರುವಂತೆ ರೂಪಿಸಿರುವ, ಸುಮಾರು 55 ಟನ್ ತೂಕವೆಂದು ಹೇಳಲಾಗುವ ಈ ತೋಪು ವಿಜಯಪುರದಲ್ಲಿ ಹುಟ್ಟಿದುದಲ್ಲ. 1549ರಲ್ಲಿ ಅಹಮದ್‌ನಗರದಲ್ಲಿ ಮಹಮ್ಮದ್ ಬಿನ್ ಹಸನ್ ರೂಮಿ ಎಂಬ ತುರ್ಕಿಯ ಶಿಲ್ಪಿಯು ಅದನ್ನು ನಿಜಾಮಶಾಹಿ ಅರಸರಿಗಾಗಿ ಎರಕಹೊಯ್ದನು. 1632ರಲ್ಲಿ ಆದಿಲಶಾಹಿಗಳು ಅದನ್ನು ಪರಾಂಡದ ಕೋಟೆಯಿಂದ ಗೆದ್ದು ವಿಜಯಪುರಕ್ಕೆ ಎಳೆಯಿಸಿಕೊಂಡು ಬಂದರು. ಅದನ್ನು ತರಲು ನೂರಾರು ಎತ್ತುಗಳನ್ನೂ ಆನೆಗಳನ್ನೂ ಕಟ್ಟಿದರೆಂದು ಆ ನಾಡಿನ ಜನರು ಇಂದಿಗೂ ಹೇಳುವರು. ಐವತ್ತುನಾಲ್ಕು ವರ್ಷಗಳು ಕಳೆಯುವಷ್ಟರಲ್ಲಿ, ಎಂದರೆ 1686ರಲ್ಲಿ, ಔರಂಗಜೇಬನು ವಿಜಯಪುರವನ್ನೇ ಗೆದ್ದು, ಆ ತೋಪಿನ ಮೇಲೆ ತನ್ನ ಜಯದ ಶಾಸನವನ್ನು ಕೆತ್ತಿಸಿದನು. ಅಹಮದ್‌ನಗರದವರು ಮಾಡಿಸಿದ ಆಯುಧವು ವಿಜಯಪುರದವರ ಜಯಚಿಹ್ನೆಯಾಗಿ, ವಿಜಯಪುರದವರ ಜಯಚಿಹ್ನೆಯು ಮೊಗಲರ ಜಯಪತ್ರವಾಯಿತು. ಕಡೆಗೆ ಆಂಗ್ಲೇಯರ ಕಾಲದಲ್ಲಿ, 1854ರಲ್ಲಿ, ಅದನ್ನು ಹರಾಜಿಗೆ ಹಾಕಿದಾಗ 150 ರೂಪಾಯಿಗಿಂತ ಹೆಚ್ಚಿನ ಬೆಲೆಯನ್ನು ಯಾರೂ ಕೂಗಲಿಲ್ಲವಂತೆ. ಅಲ್ಲಿಯ ಅಧಿಕಾರಿಯೊಬ್ಬನ ವಿವೇಕದಿಂದ ಹರಾಜು ನಿಂತು, ಯುದ್ಧಭೂಮಿಯ ಒಡೆಯನು ಕರಗಿಸುವವರ ಕುಲುಮೆಯಿಂದ ಪಾರಾದನು.

ಗೆದ್ದು ತಂದ ಆಯುಧವು ಗೆದ್ದವನಲ್ಲಿಯೇ ಶಾಶ್ವತವಾಗಿ ನಿಲ್ಲುವುದಿಲ್ಲವೆಂಬ ಮೊದಲನೆಯ ಪಾಠವನ್ನು ಈ ತೋಪು ಕಲಿಸುವುದು.

೨

ಅಹಿಲ್ಯಾನಗರದ ಸಂಗ್ರಹಾಲಯದಲ್ಲಿ ನೋಟಕರು ಹೆಚ್ಚು ಹೊತ್ತು ನಿಲ್ಲುವುದು ಪ್ಯಾಟನ್ ಟ್ಯಾಂಕಿನ ಮುಂದೆ. ಈ ಹೆಸರು ಎರಡನೆಯ ಮಹಾಯುದ್ಧದ ಪ್ರಸಿದ್ಧ ಅಮೇರಿಕನ್ ಸೇನಾನಿಯೊಬ್ಬನದು. 1954ರ ಒಪ್ಪಂದದ ಬಳಿಕ ಅಮೇರಿಕೆಯು ಪಾಕಿಸ್ತಾನಕ್ಕೆ ಈ ಟ್ಯಾಂಕುಗಳನ್ನು ನೂರಾರು ಸಂಖ್ಯೆಯಲ್ಲಿ ಒದಗಿಸಿತು. 90 ಮಿಲಿಮೀಟರಿನ ತೋಪನ್ನು ಹೊತ್ತ, ಸುಮಾರು 45 ಟನ್ ತೂಗುವ ಈ ಉಕ್ಕಿನ ರಥಕ್ಕೆ ಸರಿಜೋಡಿಯಾದುದು ನಮ್ಮ ದೇಶದಲ್ಲಿ ಅಂದು ಸೆಂಚೂರಿಯನ್ ಒಂದೇ. ಅದೂ ಎಲ್ಲ ದಳಗಳಲ್ಲಿ ಇರಲಿಲ್ಲ. ಇಂತಹ ಯಂತ್ರಗಳು ನಮ್ಮವರ ಕೈಗೆ ಸಿಕ್ಕಿದ ಬಗೆಯನ್ನು ತುಸು ವಿಸ್ತಾರವಾಗಿ ಹೇಳುವುದು ಉಚಿತ.

1965ರ ಆಗಸ್ಟ್ ತಿಂಗಳಿನಲ್ಲಿ ಪಾಕಿಸ್ತಾನದವರು ಕಾಶ್ಮೀರದೊಳಕ್ಕೆ ಗುಟ್ಟಾಗಿ ಜನರನ್ನು ನುಗ್ಗಿಸಿದರು. ಸೆಪ್ಟೆಂಬರ್ 1ರಂದು ಛಾಂಬ್ ಪ್ರದೇಶದಲ್ಲಿ ಟ್ಯಾಂಕುಗಳೊಡನೆ ಬಹಿರಂಗವಾಗಿ ಏರಿಬಂದರು. ಆ ಒತ್ತಡವನ್ನು ತಗ್ಗಿಸುವ ಸಲುವಾಗಿ ನಮ್ಮ ಸೈನ್ಯವು 6ನೆಯ ತಾರೀಖಿನಂದು ಪಂಜಾಬಿನ ಗಡಿಯನ್ನು ದಾಟಿ ಲಾಹೋರಿನ ಕಡೆಗೆ ನಡೆಯಿತು. ಖೇಮಕರಣದ ದಿಕ್ಕಿನಲ್ಲಿ ಮುಂದುವರಿದ ನಮ್ಮ ನಾಲ್ಕನೆಯ ಪರ್ವತ ವಿಭಾಗಕ್ಕೆ ಅಲ್ಲಿ ಜಯವು ದೊರೆಯಲಿಲ್ಲ. ಬಿರುಸಾದ ಪ್ರತಿದಾಳಿಗೆ ಸಿಕ್ಕಿ ಅದು ಹಿಂದಕ್ಕೆ ಸರಿಯಬೇಕಾಯಿತು. ಆ ವಿಭಾಗದ ಅಧಿಪತಿಯಾಗಿದ್ದ ಮೇಜರ್ ಜನರಲ್ ಗುರ್ಬಖ್ಷ್ ಸಿಂಗರು ಖೇಮಕರಣ ಪಟ್ಟಣವನ್ನು ಬಿಟ್ಟು, ಅದರ ಹಿಂದಿರುವ ಅಸಲ್ ಉತ್ತರ್ ಎಂಬ ಹಳ್ಳಿಯ ಸುತ್ತ ಕುದುರೆಯ ಲಾಳದ ಆಕಾರದಲ್ಲಿ ವ್ಯೂಹವನ್ನು ರಚಿಸಿದರು. ಪಾಕಿಸ್ತಾನದ ಒಂದನೆಯ ಕವಚ ವಿಭಾಗವು ಈ ಮಾರ್ಗವಾಗಿ ನುಗ್ಗಿ, ಬಿಯಾಸ್ ನದಿಯ ಸೇತುವೆಯನ್ನು ಹಿಡಿದು, ಅಮೃತಸರವನ್ನು ದೇಶದ ಉಳಿದ ಭಾಗದಿಂದ ಕತ್ತರಿಸಬೇಕೆಂದು ಸಂಕಲ್ಪಿಸಿತ್ತು. ಅದು ಕೈಗೂಡಿದ್ದರೆ ದೇಶಕ್ಕೆ ಒದಗುತ್ತಿದ್ದ ಅನರ್ಥವನ್ನು ಊಹಿಸುವುದು ಕಷ್ಟವಲ್ಲ.

ನಮ್ಮ ಕಡೆಯಲ್ಲಿದ್ದುವು ಬ್ರಿಗೇಡಿಯರ್ ತ್ಯಾಗರಾಜರ ಕೈಕೆಳಗಿನ ಮೂರು ದಳಗಳು. ಅವುಗಳಲ್ಲಿ ಒಂದಕ್ಕೆ ಮಾತ್ರ ಸೆಂಚೂರಿಯನ್ ಟ್ಯಾಂಕುಗಳಿದ್ದುವು. ಎರಡನೆಯದಾದ ಡೆಕ್ಕನ್ ಹಾರ್ಸ್ ದಳಕ್ಕೆ ಎರಡನೆಯ ಮಹಾಯುದ್ಧದ ಕಾಲದ ಷರ್ಮನ್‌ಗಳೇ ಗತಿ. ಮೂರನೆಯದರಲ್ಲಿದ್ದುವು ಹಗುರವಾದ ಫ್ರೆಂಚ್ ಟ್ಯಾಂಕುಗಳು. ಎದುರಿನ ಸೈನ್ಯದ ಸಲಕರಣೆಯೊಡನೆ ತೂಗಿದರೆ ತಕ್ಕಡಿಯು ಎತ್ತ ವಾಲುವುದೆಂಬುದರಲ್ಲಿ ಸಂದೇಹವಿರಲಿಲ್ಲ. ಆದರೆ ನಮ್ಮ ಸೇನಾನಿಗಳು ಯಂತ್ರಗಳ ಕೊರತೆಯನ್ನು ನೆಲದ ಜ್ಞಾನದಿಂದ ತುಂಬಿಕೊಂಡರು. ಕಾಲುವೆಗಳ ಏರಿಯನ್ನು ಒಡೆದು ಹೊಲಗಳಿಗೆ ನೀರನ್ನು ಹರಿಯಬಿಟ್ಟರು. ಆಳೆತ್ತರಕ್ಕೆ ಬೆಳೆದು ನಿಂತಿದ್ದ ಕಬ್ಬಿನ ಗದ್ದೆಗಳಲ್ಲಿ ಟ್ಯಾಂಕುಗಳನ್ನೂ ಟ್ಯಾಂಕುಗಳನ್ನು ಒಡೆಯುವ ತೋಪುಗಳನ್ನೂ ಅಡಗಿಸಿ, ಶತ್ರುವು ತೀರ ಹತ್ತಿರಕ್ಕೆ ಬರುವ ತನಕ ಉಸಿರು ಬಿಗಿಹಿಡಿದು ಕಾದರು.

8, 9, 10ನೆಯ ತಾರೀಖುಗಳ ಮೂರು ದಿನವೂ ಪ್ಯಾಟನ್‌ಗಳು ಮೇಲಿಂದ ಮೇಲೆ ಏರಿಬಂದುವು. ನೀರು ಕುಡಿದು ಮೆತ್ತಗಾದ ಮಣ್ಣು ಅವುಗಳ ಭಾರವನ್ನು ತಾಳಲಿಲ್ಲ. ಬಹುದೂರದ ಗುರಿಯನ್ನು ಅಳೆದು ಹೊಡೆಯಲು ಅವುಗಳಲ್ಲಿದ್ದ ಸೂಕ್ಷ್ಮ ಯಂತ್ರಗಳು ಕಬ್ಬಿನ ಗೋಡೆಯ ಮುಂದೆ ನಿಷ್ಪ್ರಯೋಜಕವಾದುವು. ಜೊತೆಯಲ್ಲಿ ಸಾಕಷ್ಟು ಕಾಲಾಳುಗಳಿಲ್ಲದೆ ನುಗ್ಗಿದುದರಿಂದ ಮರೆಯಲ್ಲಿ ಕುಳಿತವರನ್ನು ಹುಡುಕಿ ಓಡಿಸುವವರಿರಲಿಲ್ಲ. ನಾಲ್ಕನೆಯ ಗ್ರೆನೇಡಿಯರ್ಸ್ ದಳದ ಹವಲ್ದಾರ್ ಅಬ್ದುಲ್ ಹಮೀದರು ಜೀಪಿನ ಮೇಲೆ ಕಟ್ಟಿದ 106 ಮಿಲಿಮೀಟರಿನ ತೋಪಿನೊಡನೆ ಕಬ್ಬಿನ ಮರೆಯಿಂದ ಮರೆಗೆ ಸರಿಯುತ್ತ, ಒಂದಾದ ಮೇಲೊಂದರಂತೆ ಹಲವು ಟ್ಯಾಂಕುಗಳನ್ನು ಕೆಡವಿ, 10ರಂದು ತಾವೂ ಗುಂಡಿಗೆ ಈಡಾದರು. ಉತ್ತರಪ್ರದೇಶದ ಗಾಜೀಪುರ ಜಿಲ್ಲೆಯ ಧಾಮೂಪುರವೆಂಬ ಹಳ್ಳಿಯ ಬಡಮನೆಯ ಈ ವೀರರಿಗೆ ಮರಣಾನಂತರ ಪರಮವೀರಚಕ್ರವು ಸಂದಿತು. ಅವರ ಸಮಾಧಿಯು ಆ ರಣಭೂಮಿಯಲ್ಲಿಯೇ ಇರುವುದು.

ಭಾರತದ ಎಣಿಕೆಯಂತೆ, ಅಲ್ಲಿ ನಾಶವಾದ ಮತ್ತು ಸೆರೆಸಿಕ್ಕಿದ ಪಾಕಿಸ್ತಾನಿ ಟ್ಯಾಂಕುಗಳು ಒಟ್ಟು 97. ಅವುಗಳಲ್ಲಿ 72 ಪ್ಯಾಟನ್‌ಗಳು. ಅವುಗಳಲ್ಲಿ ಹಲವನ್ನು ಎಳೆದು ತಂದು ಭಿಖೀವಿಂಡ್ ಎಂಬ ಊರಿನ ಬಳಿ ಸಾಲಾಗಿ ನಿಲ್ಲಿಸಿದಾಗ ಆ ಬಯಲಿಗೆ ‘ಪ್ಯಾಟನ್ ನಗರ’ವೆಂದು ಹೆಸರಾಯಿತು. ಅದನ್ನು ನೋಡಲು ಜನರು ತಂಡತಂಡವಾಗಿ ಬಂದರು. ಮುಂದೆ ಆ ಟ್ಯಾಂಕುಗಳನ್ನು ದೇಶದ ನಾನಾ ಭಾಗಗಳ ಸೈನ್ಯಕೇಂದ್ರಗಳಿಗೂ ಪಟ್ಟಣಗಳಿಗೂ ಜಯಚಿಹ್ನೆಗಳಾಗಿ ಹಂಚಿದರು. ಮೂರು ವರ್ಷಗಳ ಹಿಂದೆ, 1962ರಲ್ಲಿ, ಚೀನೀಯರ ಎದುರು ತಲೆತಗ್ಗಿಸಿದ್ದ ಜನರಿಗೆ ಆ ಸಾಲು ಎಷ್ಟು ಧೈರ್ಯವನ್ನು ಕೊಟ್ಟಿತೆಂಬುದನ್ನು ಆ ಕಾಲವನ್ನು ಕಂಡ ಹಿರಿಯರ ಬಾಯಿಂದಲೇ ಕೇಳಬೇಕು. ಆ ಹರ್ಷವು ನ್ಯಾಯವಾದುದೇ. ಅದನ್ನು ಯಾರೂ ಹಳಿಯಲಾಗದು.

೩

ಆದರೆ ಪ್ಯಾಟನ್ ನಗರದ ಆ ಸಾಲು ಹೇಳದೆ ಬಿಟ್ಟ ಸಂಗತಿಗಳೂ ಉಂಟು. ಅಸಲ್ ಉತ್ತರಿನಲ್ಲಿ ನಾವು ಗೆದ್ದೆವು, ನಿಜ. ಆದರೆ ಸೆಪ್ಟೆಂಬರ್ 23ರಂದು ಕದನವು ನಿಂತಾಗಲೂ ಖೇಮಕರಣ ಪಟ್ಟಣವು ಪಾಕಿಸ್ತಾನದವರ ವಶದಲ್ಲಿಯೇ ಇದ್ದಿತು. 1966ರ ಜನವರಿ 10ರ ತಾಷ್ಕೆಂಟ್ ಒಪ್ಪಂದದ ಬಳಿಕವೇ ಅದು ನಮಗೆ ಮರಳಿತು. ಗಡಿಯ ಆಚೆಯ ಸಂಗ್ರಹಾಲಯಗಳಲ್ಲಿಯೂ ಹಿಡಿದು ತಂದ ಟ್ಯಾಂಕುಗಳು ನಿಂತಿವೆ, ಅವು ನಮ್ಮವು. ಅಲ್ಲಿಯ ತಂದೆಯರೂ ತಮ್ಮ ಮಕ್ಕಳಿಗೆ "ಇದು ನಮ್ಮದು, ಇದು ಅವರದು" ಎಂದೇ ಹೇಳುತ್ತಿರಬೇಕು. ಒಂದೇ ಯುದ್ಧದ ಕಥೆಯ ಅರ್ಧವು ಇಲ್ಲಿ, ಇನ್ನರ್ಧವು ಅಲ್ಲಿ. ಎರಡು ಕಡೆಯ ಮಕ್ಕಳೂ ತಮ್ಮ ಪಾಲಿನ ಅರ್ಧವನ್ನೇ ಪೂರ್ಣವೆಂದು ತಿಳಿದು ಬೆಳೆಯುವರು.

ಇನ್ನೊಂದು ಸಂಗತಿಯೂ ಇದೆ. ಪ್ಯಾಟನ್ ಟ್ಯಾಂಕಿನ ಒಳಗೆ ನಾಲ್ಕೈದು ಜನರು ಕುಳಿತು ಹೋರಾಡುತ್ತಿದ್ದರು. ಹೊರಗೆ ನಿಂತು ನೋಡುವವನಿಗೆ ಕಾಣುವುದು ಉಕ್ಕು ಮಾತ್ರ, ಕುಳಿತಿದ್ದವರು ಕಾಣುವುದಿಲ್ಲ. ಅವರು ಹೇಡಿಗಳಾಗಿದ್ದರೆಂದು ನಮ್ಮ ಸೇನಾನಿಗಳಾರೂ ಹೇಳಿದಂತೆ ನಮಗೆ ತೋರದು. ಬಗ್ಗದ ಶೌರ್ಯದಿಂದಲೇ ಅವರು ಮೂರು ದಿನ ಅದೇ ಕೆಸರಿನೊಳಕ್ಕೆ ಮರಳಿ ಮರಳಿ ನುಗ್ಗಿದರು. ಅವರನ್ನು ಕೆಡಿಸಿದುದು ಧೈರ್ಯದ ಕೊರತೆಯಲ್ಲ. ತಮ್ಮ ಯಂತ್ರದ ಮೇಲೆ ಮೇಲಿನವರು ಇಟ್ಟ ಅತಿಯಾದ ಭರವಸೆ. ಇದನ್ನು ಮರೆತು ಶತ್ರುವನ್ನು ಹೀಗಳೆದರೆ ಅವನನ್ನು ಗೆದ್ದ ನಮ್ಮವರ ಕೀರ್ತಿಯೂ ಅಷ್ಟಕ್ಕೇ ಇಳಿಯುವುದು. ರಾವಣನು ಅಲ್ಪನಾಗಿದ್ದರೆ ರಾಮನ ಜಯಕ್ಕೆ ರಾಮಾಯಣವು ಬೇಕಾಗಿರಲಿಲ್ಲ.

೪

ಸೋತವರ ಕಣ್ಣಿನಿಂದ ಇಂತಹ ಪ್ರದರ್ಶನವು ಹೇಗೆ ಕಾಣುವುದೆಂದು ತಿಳಿಯಲು ಕನ್ನಡಿಗರಾದ ನಾವು ದೂರ ಹೋಗಬೇಕಾಗಿಲ್ಲ. ನಾವೇ ಆ ಸ್ಥಾನದಲ್ಲಿ ನಿಂತವರು. 1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆಯು ಬಿದ್ದು ಟಿಪ್ಪುಸುಲ್ತಾನನು ಮಡಿದನು. ಅವನ ಆಳ್ವಿಕೆಯ ಗುಣದೋಷಗಳನ್ನು ಕುರಿತ ವಾದವು ಬೇರೆ. ಅದನ್ನು ಇಲ್ಲಿ ಎತ್ತುವುದಿಲ್ಲ. ನಮ್ಮ ಪ್ರಕೃತಕ್ಕೆ ಬೇಕಾದುದು ಅವನ ಆಯುಧಗಳ ಗತಿ ಮಾತ್ರ.

ಕೋಟೆಯಲ್ಲಿ ಆಂಗ್ಲೇಯರ ಕೈಗೆ 900ಕ್ಕಿಂತ ಹೆಚ್ಚು ತೋಪುಗಳು ಸಿಕ್ಕಿದುವು. ಕತ್ತಿ, ಬಂದೂಕು, ಕವಚ, ಡೇರೆ, ಪುಸ್ತಕ, ಒಡವೆಗಳೆಲ್ಲವನ್ನೂ ಪಟ್ಟಿಮಾಡಿ ಹಂಚಲು ಒಂದು ಮಂಡಲಿಯೇ ಏರ್ಪಟ್ಟಿತು. ಚಿನ್ನದ ತಗಡು ಹೊದಿಸಿದ ಸಿಂಹಾಸನವನ್ನು ಆ ಮಂಡಲಿಯವರು ತುಂಡುತುಂಡಾಗಿ ಒಡೆದರು. ಅದರ ಹುಲಿಯ ತಲೆಯೂ ಹುಮಾ ಎಂಬ ಹಕ್ಕಿಯೂ ಇಂಗ್ಲೆಂಡಿನ ರಾಜಮನೆತನದ ಸಂಗ್ರಹವನ್ನು ಸೇರಿದುವು. ಅರಮನೆಯಲ್ಲಿ ದೊರೆತ ಮರದ ಹುಲಿಯು, ಕೆಳಗೆ ಬಿದ್ದ ಯೂರೋಪಿಯನ್ನನೊಬ್ಬನ ಕೊರಳಿಗೆ ಬಾಯಿಹಾಕಿರುವಂತೆ ಮಾಡಿದುದು, ಲಂಡನ್ ನಗರಕ್ಕೆ ಹೋಯಿತು. 1808ರಿಂದ ಕಂಪೆನಿಯವರು ಅದನ್ನು ತಮ್ಮ ಕಚೇರಿಯಲ್ಲಿ ಜನರಿಗೆ ತೋರಿಸಿದರು. ಅದರ ಹಿಡಿಯನ್ನು ತಿರುಗಿಸಿದರೆ ಒಳಗಿನ ತಿದಿಗಳು ಉಸಿರೂದಿ, ಹುಲಿಯು ಗರ್ಜಿಸಿ, ಮನುಷ್ಯನು ನರಳುವನು. ಒಂದು ಕಾಲದಲ್ಲಿ ಸುಲ್ತಾನನ ಹಗೆಯ ಚಿಹ್ನೆಯಾಗಿದ್ದುದು ಲಂಡನಿನ ಹುಡುಗರ ಆಟಿಕೆಯಾಯಿತು. ಎರಡನೆಯ ಮಹಾಯುದ್ಧದಲ್ಲಿ ಜರ್ಮನರ ಬಾಂಬಿನಿಂದ ಮಾಡು ಕುಸಿದು ಅದರ ಮೇಲೆ ಬಿದ್ದಾಗ ಅದು ನೂರಾರು ಚೂರುಗಳಾಯಿತು. ಅಲ್ಲಿಯವರು ತಾಳ್ಮೆಯಿಂದ ಚೂರುಗಳನ್ನೆಲ್ಲ ಕೂಡಿಸಿ, ನಮ್ಮ ದೇಶವು ಸ್ವತಂತ್ರವಾದ 1947ರಲ್ಲಿಯೇ ಅದನ್ನು ಮರಳಿ ಪ್ರದರ್ಶನಕ್ಕಿಟ್ಟರು. ಇಂದಿಗೂ ಅದು ಲಂಡನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ಸಂಗ್ರಹಾಲಯದಲ್ಲಿರುವುದು.

ಆ ಹುಲಿಯ ಚಿತ್ರವನ್ನು ನೋಡಿದಾಗ ನಮ್ಮಲ್ಲಿ ಅನೇಕರಿಗೆ ಮನಸ್ಸು ಮುದುಡುವುದುಂಟು. ಆ ಮುದುಡುವಿಕೆಯನ್ನು ಮರೆಯದೆ ಇಟ್ಟುಕೊಳ್ಳಬೇಕು. ಪ್ಯಾಟನ್ ಟ್ಯಾಂಕಿನ ಮುಂದೆ ನಿಂತಾಗ ಅದೇ ನಮಗೆ ವಿವೇಕವನ್ನು ಹೇಳುವುದು. ಏತಕ್ಕೆಂದರೆ, ತನ್ನ ನೋವಿನಿಂದ ಇತರರ ನೋವನ್ನು ಅಳೆಯುವುದೇ ಧರ್ಮದ ಸಾರವೆಂದು ನಮ್ಮ ಹಿರಿಯರು ಮತ್ತೆ ಮತ್ತೆ ಹೇಳಿರುವರು.

ಗೆಲುವನ್ನು ಮೆರೆಯಿಸುವುದರಲ್ಲಿ ಟಿಪ್ಪುವೂ ಹಿಂದುಳಿದವನಲ್ಲವೆಂಬುದನ್ನೂ ನ್ಯಾಯವಾಗಿ ಹೇಳಬೇಕು. 1780ರ ಸೆಪ್ಟೆಂಬರ್ 10ರಂದು ಪೊಳ್ಳಿಲೂರಿನಲ್ಲಿ ಹೈದರನೂ ಟಿಪ್ಪುವೂ ಕರ್ನಲ್ ಬೇಲಿಯ ದಂಡನ್ನು ನಾಶಮಾಡಿದರು. ಶ್ರೀರಂಗಪಟ್ಟಣದ ದರಿಯಾ ದೌಲತ್ ಅರಮನೆಯ ಪಡುವಣ ಗೋಡೆಯ ಮೇಲೆ ಆ ಯುದ್ಧವು ಚಿತ್ರಿತವಾಗಿರುವುದು. ಮದ್ದಿನ ಬಂಡಿಯು ಸಿಡಿಯುತ್ತಿರುವುದನ್ನೂ, ಗಾಯಗೊಂಡ ಬೇಲಿಯು ಪಲ್ಲಕ್ಕಿಯಲ್ಲಿ ಕುಳಿತಿರುವುದನ್ನೂ ಅಲ್ಲಿ ನೋಡಬಹುದು. ಆದರೆ ಆಶ್ಚರ್ಯದ ಸಂಗತಿಯೇನೆಂದರೆ, ಊರನ್ನು ಗೆದ್ದ ಆಂಗ್ಲೇಯರು ತಮ್ಮ ಸೋಲಿನ ಈ ಚಿತ್ರವನ್ನು ಕೆಡವಿಸಲಿಲ್ಲ. ಆ ಅರಮನೆಯಲ್ಲಿ ವಾಸವಾಗಿದ್ದ ಆರ್ಥರ್ ವೆಲ್ಲೆಸ್ಲಿಯು ಅದನ್ನು ಸರಿಪಡಿಸಿದನು. ಅನಂತರ ಡಾಲ್‌ಹೌಸಿಯ ಕಾಲದಲ್ಲಿ ಮತ್ತೊಮ್ಮೆ ಅದರ ಜೀರ್ಣೋದ್ಧಾರವಾಯಿತು. ಟಿಪ್ಪುವಿನ ದೇಹವನ್ನೂ ಮರುದಿನ ಸೈನಿಕ ಮರ್ಯಾದೆಯೊಡನೆ ಅವನ ತಂದೆಯ ಪಕ್ಕದಲ್ಲಿ ಮಣ್ಣುಮಾಡಿದರು. ಸಿಂಹಾಸನವನ್ನು ಒಡೆದವರೂ ಶವಕ್ಕೆ ಗೌರವವನ್ನು ಸಲ್ಲಿಸಿದವರೂ ಒಂದೇ ದಂಡಿನವರು. ಗೆದ್ದವನ ಎದೆಯಲ್ಲಿ ಈ ಎರಡು ಗುಣಗಳೂ ಇರುವುವು. ಯಾವುದನ್ನು ಸಾಕಿದರೆ ಅದು ಬೆಳೆಯುವುದು.

೫

ಶ್ರೀರಂಗಪಟ್ಟಣದ ಆಯುಧಗಳಲ್ಲಿ ಒಂದು ಬಗೆಯದು ಮಾತ್ರ ಕೇವಲ ನೋಟದ ವಸ್ತುವಾಗಿ ಉಳಿಯಲಿಲ್ಲ. ಮೈಸೂರಿನವರ ಅಗ್ನಿಬಾಣವೇ ಅದು. ಕಬ್ಬಿಣದ ಕೊಳವೆಯಲ್ಲಿ ಮದ್ದನ್ನು ಗಿಡಿದು, ಉದ್ದನೆಯ ಬಿದಿರಿನ ಗಳುವನ್ನೋ ಕತ್ತಿಯನ್ನೋ ಕಟ್ಟಿ ಹಾರಿಸಿದರೆ ಅದು ಒಂದು ಮೈಲಿಗೂ ಮೀರಿ ಹೋಗುತ್ತಿದ್ದಿತು. ಬೇರೆಯವರು ಕಾಗದದ ಅಥವಾ ಬಿದಿರಿನ ಕೊಳವೆಗಳನ್ನು ಬಳಸುತ್ತಿದ್ದಾಗ ಮೈಸೂರಿನವರು ಕಬ್ಬಿಣವನ್ನು ಬಳಸಿದುದರಿಂದ ಒಳಗಿನ ಒತ್ತಡವು ಹೆಚ್ಚಿ ಬಾಣವು ಅಷ್ಟು ದೂರ ಸಾಗುತ್ತಿದ್ದಿತು. ಮುಂದೆ ವಾಟರ್ಲೂ ಯುದ್ಧದಲ್ಲಿ ನೆಪೋಲಿಯನ್ನನನ್ನು ಗೆದ್ದ ಅದೇ ವೆಲ್ಲೆಸ್ಲಿಯು, 1799ರ ಏಪ್ರಿಲ್ 5ರ ರಾತ್ರಿ ಸುಲ್ತಾನ್‌ಪೇಟೆಯ ತೋಪಿನ ಕತ್ತಲೆಯಲ್ಲಿ ಬಾಣಗಳ ಮತ್ತು ಬಂದೂಕುಗಳ ಹೊಡೆತಕ್ಕೆ ಸಿಕ್ಕಿ ದಿಕ್ಕೆಟ್ಟು ಹಿಮ್ಮೆಟ್ಟಿದನು.

ಆಂಗ್ಲೇಯರು ಈ ಬಾಣಗಳನ್ನು ಗೋಡೆಗೆ ತೂಗುಹಾಕಿ ಸುಮ್ಮನಾಗಲಿಲ್ಲ. ಲಂಡನ್ ಬಳಿಯ ವುಲ್ಲಿಚ್ ಎಂಬಲ್ಲಿಯ ಮದ್ದುಗುಂಡಿನ ಕಾರ್ಯಾಲಯದಲ್ಲಿ ವಿಲಿಯಮ್ ಕಾಂಗ್ರೀವ್ ಎಂಬವನು 1804ರಿಂದ ಇಂತಹ ಬಾಣಗಳ ಮೇಲೆ ಪ್ರಯೋಗಗಳನ್ನು ನಡೆಸಿದನು. 1806ರಲ್ಲಿ ಅವು ಫ್ರಾನ್ಸಿನ ಬೂಲೋನ್ ರೇವಿನ ಮೇಲೆಯೂ, 1807ರಲ್ಲಿ ಕೋಪನ್‌ಹೇಗನ್ ನಗರದ ಮೇಲೆಯೂ ಬಿದ್ದುವು. 1814ರಲ್ಲಿ ಅಮೇರಿಕದ ಬಾಲ್ಟಿಮೋರ್ ರೇವಿನ ಕೋಟೆಯ ಮೇಲೆ ಉರಿದುವು. ನಮ್ಮ ಕಮ್ಮಾರರೂ ಬಾಣಗಾರರೂ ಮಾಡಿದ ಕೆಲಸವು ಹದಿನೈದೇ ವರ್ಷಗಳಲ್ಲಿ ಕಾಂಗ್ರೀವನ ಹೆಸರನ್ನು ಹೊತ್ತು ಲೋಕವನ್ನು ಸುತ್ತಿತು. ಅವರ ಹೆಸರುಗಳಾವುವೂ ಉಳಿಯಲಿಲ್ಲ. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ಬಿದನೂರು ನಗರದ ಹಾಳುಬಾವಿಯೊಂದರಿಂದ ಸಾವಿರಕ್ಕೂ ಮಿಕ್ಕಿದ ಬಾಣಗಳ ಕಬ್ಬಿಣದ ಕೊಳವೆಗಳನ್ನು ನಮ್ಮ ಪುರಾತತ್ತ್ವ ಇಲಾಖೆಯವರು ಹೊರತೆಗೆದರು. ತಮ್ಮ ನಾಡಿನ ಕುಶಲತೆಯನ್ನು ನೋಡಲು ನಮ್ಮ ಮಕ್ಕಳು ವುಲ್ಲಿಚ್‌ವರೆಗೆ ಹೋಗಬೇಕಾಗಿಲ್ಲವೆಂಬುದು ಸಂತೋಷದ ವಿಷಯ.

ಗೆದ್ದು ತಂದ ಆಯುಧವನ್ನು ಎರಡು ವಿಧದಲ್ಲಿ ನೋಡಬಹುದೆಂದು ಇದರಿಂದ ತಿಳಿಯುವುದು. ಬರಿಯ ಜಯಚಿಹ್ನೆಯಾಗಿ ನೋಡಿದರೆ ಅದು ಗರ್ವವನ್ನು ಹೆಚ್ಚಿಸುವುದು. ಪಾಠವಾಗಿ ನೋಡಿದರೆ ಜ್ಞಾನವನ್ನು ಹೆಚ್ಚಿಸುವುದು. ಬಾಣವು ಸೋತವರ ಬುದ್ಧಿಯ ಹಿರಿಮೆಯನ್ನು ಗೆದ್ದವರಿಗೆ ಕಲಿಸಿತು. ಪ್ಯಾಟನ್ ಕಲಿಸಿದುದು, ಬುದ್ಧಿಯ ಸಹಾಯವಿಲ್ಲದ ಆಯುಧದ ಕಿರುಮೆಯನ್ನು. ಬೇರೆ ದೇಶದಿಂದ ತಂದ ಅತ್ಯುತ್ತಮವಾದ ಯಂತ್ರವೂ ನೆಲವನ್ನರಿಯದವನ ಕೈಯಲ್ಲಿ ಹೊರೆಯಾಗುವುದೆಂಬ ಮಾತು ಪಾಕಿಸ್ತಾನಕ್ಕೆ ಮಾತ್ರ ಅನ್ವಯಿಸುವುದಲ್ಲ, ಆಯುಧಗಳನ್ನು ಕೊಳ್ಳುವ ಎಲ್ಲ ದೇಶಗಳಿಗೂ ಅನ್ವಯಿಸುವುದು.

೬

ಈ ಪದ್ಧತಿಯು ಹಳೆಯ ಕಾಲದೊಡನೆ ಮುಗಿದುಹೋಗಿಲ್ಲ. 2022ರ ಆಗಸ್ಟ್ 24ರಂದು, ತಮ್ಮ ಸ್ವಾತಂತ್ರ್ಯದ ದಿನವನ್ನು ಆಚರಿಸಿದ ಯುಕ್ರೇನಿನವರು ಕೀವ್ ನಗರದ ಮುಖ್ಯ ಬೀದಿಯಲ್ಲಿ, ಸುಟ್ಟು ಕರಕಲಾದ ರಷ್ಯದ ಟ್ಯಾಂಕುಗಳನ್ನು ಸಾಲಾಗಿ ನಿಲ್ಲಿಸಿದ್ದರು. ಆರು ತಿಂಗಳ ಹಿಂದೆ ಇದೇ ಟ್ಯಾಂಕುಗಳ ಸೈನ್ಯವು ಅದೇ ಬೀದಿಯಲ್ಲಿ ವಿಜಯಯಾತ್ರೆ ಮಾಡಬೇಕೆಂದು ಹೊರಟಿದ್ದುದು. 2024ರ ಮೇ ತಿಂಗಳಿನಲ್ಲಿ ರಷ್ಯದವರು ಮಾಸ್ಕೋ ನಗರದ ವಿಜಯೋದ್ಯಾನದಲ್ಲಿ, ಯುಕ್ರೇನಿನವರಿಂದ ಹಿಡಿದ ಅಮೇರಿಕ, ಜರ್ಮನಿ ಮೊದಲಾದ ದೇಶಗಳ ಟ್ಯಾಂಕುಗಳನ್ನು ಪ್ರದರ್ಶನಕ್ಕಿಟ್ಟರು. ಎರಡು ಕಡೆಯೂ ಜನರು ಮಕ್ಕಳನ್ನು ಕರೆದುಕೊಂಡು ಹೋಗಿ ನೋಡಿದರು. ತಮ್ಮ ನೆಲವನ್ನು ಕಾಯುವವರ ಗೆಲುವಿಗೂ ಪರರ ನೆಲಕ್ಕೆ ನುಗ್ಗಿದವರ ಗೆಲುವಿಗೂ ಧರ್ಮದ ತಕ್ಕಡಿಯಲ್ಲಿ ಬಹಳ ಅಂತರವುಂಟು, ಅದನ್ನು ಮರೆಯಲಾಗದು. ಆದರೆ ಸುಟ್ಟ ಉಕ್ಕಿನ ಬಣ್ಣವು ಎರಡು ಊರುಗಳಲ್ಲಿಯೂ ಒಂದೇ.

ಹಾಗಾದರೆ ಇಂತಹ ಪ್ರದರ್ಶನಗಳೇ ಬೇಡವೆನ್ನಬೇಕೆ? ನಮಗೆ ಹಾಗೆ ತೋರುವುದಿಲ್ಲ. ದೇಶವನ್ನು ಕಾದವರ ಸಾಹಸವನ್ನು ಕಣ್ಣಿಗೆ ಕಾಣುವಂತೆ ಉಳಿಸುವುದು ಮುಂದಿನವರಿಗೆ ಮಾಡುವ ಉಪಕಾರ. ಬೇಕಾಗಿರುವುದು, ನೋಡುವ ದೃಷ್ಟಿಯನ್ನು ತಿದ್ದಿಕೊಳ್ಳುವುದು. ಈ ವಿಷಯದಲ್ಲಿ ಕನ್ನಡನಾಡಿನ ಹಿರಿಯರು ನಮಗೊಂದು ಮಾರ್ಗವನ್ನು ತೋರಿಸಿಹೋಗಿರುವರು. ಹಳ್ಳಿಹಳ್ಳಿಯ ಕೆರೆಯ ಏರಿಯ ಮೇಲೂ ದೇವಾಲಯದ ಬಳಿಯಲ್ಲೂ ನಿಂತಿರುವ ವೀರಗಲ್ಲುಗಳನ್ನು ನೆನೆಯಬೇಕು. ಕೆಳಗಿನ ಪಟ್ಟಿಕೆಯಲ್ಲಿ ಕಾದಾಟ, ನಡುವೆ ವೀರನನ್ನು ಒಯ್ಯುವ ಅಪ್ಸರೆಯರು, ಮೇಲೆ ದೇವರ ಸಾನ್ನಿಧ್ಯ. ಆ ಕಲ್ಲು ಕಿತ್ತುಕೊಂಡ ಕತ್ತಿಯನ್ನು ತೋರಿಸುವುದಿಲ್ಲ, ಸತ್ತ ಮನುಷ್ಯನನ್ನು ತೋರಿಸುವುದು. ಗೆದ್ದನೆ ಸೋತನೆ ಎಂದು ಕೇಳುವುದಿಲ್ಲ, ಯಾವ ಊರಿಗಾಗಿ, ಯಾವ ತುರುಗಳಿಗಾಗಿ ಪ್ರಾಣವನ್ನು ಕೊಟ್ಟನೆಂದು ಹೇಳುವುದು. ಹತ್ತನೆಯ ಶತಮಾನದ ಆತಕೂರಿನ ಕಲ್ಲು ಹಂದಿಯೊಡನೆ ಹೋರಾಡಿ ಮಡಿದ ಕಾಳಿ ಎಂಬ ನಾಯಿಯನ್ನೂ ಮರೆಯಲಿಲ್ಲ. ಸ್ಮರಣೆಯ ಕೇಂದ್ರದಲ್ಲಿ ವಸ್ತುವನ್ನಿಡದೆ ಪ್ರಾಣವನ್ನಿಟ್ಟುದೇ ಆ ಕಲ್ಲುಗಳ ಹಿರಿಮೆ.

ನಮ್ಮ ಸೈನ್ಯದಲ್ಲಿ ಈ ಸಂಸ್ಕಾರವು ಇನ್ನೂ ಬತ್ತಿಲ್ಲವೆಂಬುದಕ್ಕೆ ಒಂದು ನಿದರ್ಶನವನ್ನು ಕೊಡಬಹುದು. 1999ರ ಕಾರ್ಗಿಲ್ ಯುದ್ಧದಲ್ಲಿ ಹಿಡಿದ ಆಯುಧಗಳು ದ್ರಾಸ್‌ನ ಸ್ಮಾರಕದಲ್ಲಿರುವುವು. ಅದೇ ಯುದ್ಧದಲ್ಲಿ ಟೈಗರ್ ಹಿಲ್ ಎಂಬ ಶಿಖರದ ಬಳಿ ಪಾಕಿಸ್ತಾನದ ಕ್ಯಾಪ್ಟನ್ ಕರ್ನಲ್ ಶೇರ್ ಖಾನನು ಹೋರಾಡಿ ಮಡಿದನು. ಅವನ ದೇಹವನ್ನು ಹಿಂದಿರುಗಿಸುವಾಗ ನಮ್ಮ ಬ್ರಿಗೇಡಿಯರ್ ಬಾಜ್ವಾ ಅವರು ಅವನ ಜೇಬಿನಲ್ಲಿ ಒಂದು ಚೀಟಿಯನ್ನಿಟ್ಟು, ಇವನು ಪರಾಕ್ರಮದಿಂದ ಹೋರಾಡಿದನೆಂದೂ ಇವನಿಗೆ ತಕ್ಕ ಗೌರವವು ಸಲ್ಲಬೇಕೆಂದೂ ಬರೆದು ಕಳುಹಿಸಿದರು. ಪಾಕಿಸ್ತಾನವು ಅವನಿಗೆ ತನ್ನ ಅತ್ಯುನ್ನತ ಪದಕವನ್ನು ಕೊಟ್ಟಿತು. ಗೆದ್ದು ತಂದ ಆಯುಧಗಳ ನಡುವೆ ಆ ಚೀಟಿಯ ಕಥೆಯನ್ನೂ ಬರೆದು ಹಾಕಿದರೆ, ನಮ್ಮ ಜಯಕ್ಕೆ ಅದು ಕಳಶವಿಟ್ಟಂತಾಗುವುದು.

ಮಕ್ಕಳನ್ನು ಇಂತಹ ಸ್ಥಳಗಳಿಗೆ ಕರೆದೊಯ್ಯುವ ತಂದೆತಾಯಿಗಳಿಗೂ ಉಪಾಧ್ಯಾಯರಿಗೂ ನಮ್ಮದೊಂದು ಅರಿಕೆ. "ಇದು ಅವರದು" ಎಂದು ಹೇಳಿ ಮುಂದೆ ಸಾಗದೆ, ಮೂರು ಪ್ರಶ್ನೆಗಳನ್ನು ಮಕ್ಕಳ ಮುಂದಿಡಬೇಕು. ಇದನ್ನು ಮಾಡಿದವರು ಯಾರು? ಇದು ಏಕೆ ಸೋತಿತು? ಇದರೊಳಗೆ ಕುಳಿತಿದ್ದವರು ಏನಾದರು? ಮೊದಲನೆಯ ಪ್ರಶ್ನೆಯಿಂದ ಶಿಲ್ಪದ ಅರಿವೂ, ಎರಡನೆಯದರಿಂದ ನೀತಿಯ ಅರಿವೂ, ಮೂರನೆಯದರಿಂದ ದಯೆಯೂ ಹುಟ್ಟುವುದು. ಈ ಮೂರನ್ನೂ ಕಲಿತ ಮಗುವು ತನ್ನ ದೇಶವನ್ನು ಕಡಮೆಯಾಗಿ ಪ್ರೀತಿಸುವುದಿಲ್ಲ, ತಿಳಿದು ಪ್ರೀತಿಸುವುದು.

ನವರಾತ್ರಿಯಲ್ಲಿ ನಾವೆಲ್ಲರೂ ಆಯುಧಪೂಜೆಯನ್ನು ಮಾಡುವೆವು. ಅಂದು ಕತ್ತಿಯನ್ನೂ ನೇಗಿಲನ್ನೂ ಲೇಖನಿಯನ್ನೂ ಒಂದೇ ಮಣೆಯ ಮೇಲಿಟ್ಟು ಅರಿಸಿನ ಕುಂಕುಮಗಳನ್ನು ಹಚ್ಚಿ, ಅಂದಿನ ಮಟ್ಟಿಗೆ ಯಾವುದನ್ನೂ ಬಳಸದೆ ಬಿಡುವೆವು. ಪಾಂಡವರು ಬನ್ನಿಯ ಮರದಲ್ಲಿ ಆಯುಧಗಳನ್ನಿಟ್ಟು ಒಂದು ವರ್ಷ ಮರೆಯಾಗಿದ್ದರು. ಬೇಕಾದಾಗ ತೆಗೆದುಕೊಳ್ಳುವ ಶಕ್ತಿಯೂ, ಬೇಡವಾದಾಗ ಇಳಿಸುವ ಸಂಯಮವೂ ಅವರಲ್ಲಿ ಒಟ್ಟಿಗೆ ಇದ್ದುವು. ಬಯಲಿನಲ್ಲಿ ನಿಂತಿರುವ ಈ ಉಕ್ಕಿನ ರಥಗಳನ್ನು ಕಾಲವೇ ಕೆಳಗಿಳಿಸಿರುವುದು. ಅವುಗಳ ಮುಂದೆ ಗರ್ವವನ್ನು ಬಿಟ್ಟು, ಕೃತಜ್ಞತೆಯಿಂದಲೂ ಎಚ್ಚರದಿಂದಲೂ ನಿಲ್ಲುವ ಬುದ್ಧಿಯು ನಮ್ಮ ಮಕ್ಕಳಿಗೆ ಬರಲಿ ಎಂದು ಹಾರೈಸುವೆವು.